ಹಾಡಿ ಕುಣಿದ ಭಕ್ತಿ ಎಂಟು ದಿನಕ್ಕೆ ಆರಿಹೋಗುತ್ತದೆಯೇ?

"ಅಲ್ರೀ ಟೀಚರ್, ನಿಮ್ಮ ಹುಡುಗ್ರು ದೊಡ್ಡ ದೊಡ್ಡ ಸಮಾವೇಶಕ್ಕ ಹೋಗಿ ಹಾಡಿ ಕುಣದು ಬರ್ತಾರ. ಅದನ್ನ ಭಕ್ತಿ ಅಂತೀರೇನು? ಎಂಟ ದಿನದಾಗ ಆರೂದಿಲ್ಲೇನು?"

ಬೆಳಗಾವಿಯಲ್ಲಿ ಕಥೋಲಿಕ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ಹೇಳಿಕೊಡುವ ನನಗೆ ಈ ಪ್ರಶ್ನೆ ಓಣಿಯವರಿಂದಲೂ ಬರುತ್ತದೆ, ನಮ್ಮ ಚರ್ಚಿನ ಹಿರಿಯರಿಂದಲೂ ಬರುತ್ತದೆ. 2025ರ ಆಗಸ್ಟಿನಲ್ಲಿ ರೋಮಿನ ತೋರ್ ವೆರ್ಗಾತಾ ಬಯಲಿನಲ್ಲಿ ಪೋಪ್ ಲಿಯೋ ಅವರೊಂದಿಗೆ ಹತ್ತು ಲಕ್ಷದಷ್ಟು ಯುವಜನರು ಸೇರಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದ ಮೇಲಂತೂ ಕೇಳುವವರು ಹೆಚ್ಚಾದರು.

ಮೊಬೈಲಿನಲ್ಲಿ ಕುಣಿತ ಕಾಣುತ್ತದೆ, ಮೌನ ಕಾಣುವುದಿಲ್ಲ. 2011ರಲ್ಲಿ ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ವಿಶ್ವ ಯುವಜನ ದಿನ, ಅಂದರೆ ಎಲ್ಲ ದೇಶಗಳ ಕಥೋಲಿಕ ಯುವಜನರು ಸೇರುವ ಸಮಾವೇಶ, ನಡೆದಾಗ ಜಾಗರಣೆಯ ರಾತ್ರಿ ಬಿರುಗಾಳಿ ಮಳೆ ಹೊಡೆಯಿತು. ಪೋಪ್ ಬೆನೆಡಿಕ್ಟ್ ಅಲ್ಲಿಂದ ಕದಲಲಿಲ್ಲ, ಸಿದ್ಧಮಾಡಿಕೊಂಡಿದ್ದ ಪ್ರವಚನವನ್ನು ಪೂರ್ತಿ ಓದಲೂ ಇಲ್ಲ. ಮಳೆ ನಿಂತ ಮೇಲೆ ಪರಮಪ್ರಸಾದದ ಆರಾಧನೆ, ಅಂದರೆ ಯೇಸುವೇ ಇದ್ದಾನೆಂದು ನಾವು ನಂಬುವ ಪವಿತ್ರ ರೊಟ್ಟಿಯ ಮುಂದೆ ಮಾಡುವ ಪ್ರಾರ್ಥನೆ, ಶುರುವಾಯಿತು. ಸ್ವಲ್ಪ ಹೊತ್ತಿನ ಮುಂಚೆ ಕೇಕೆ ಹಾಕುತ್ತಿದ್ದ ಅದೇ ಮಕ್ಕಳು ಒದ್ದೆ ನೆಲದ ಮೇಲೆ ಮೊಣಕಾಲೂರಿದರು. ಅಷ್ಟು ದೊಡ್ಡ ಬಯಲು ಸದ್ದಿಲ್ಲದೆ ನಿಂತಿತು. 2023ರಲ್ಲಿ ಅದೇ ಸಮಾವೇಶ ಲಿಸ್ಬನ್‌ನಲ್ಲಿ ನಡೆದಾಗ ಪಾಪನಿವೇದನೆಗೆಂದು, ಅಂದರೆ ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳಲಿಕ್ಕೆಂದು, 150 ಗೂಡುಗಳನ್ನು ಇಟ್ಟಿದ್ದರು. ಅವನ್ನು ಮಾಡಿಕೊಟ್ಟವರು ಪೋರ್ಚುಗಲ್ ಜೈಲುಗಳ ಕೈದಿಗಳು. ತಮಾಷೆ ನೋಡಲು ಬಂದವರು ತಪ್ಪು ಒಪ್ಪಿಕೊಳ್ಳಲು ಸರದಿಯಲ್ಲಿ ನಿಲ್ಲುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಜನವರಿಯಲ್ಲಿ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ನೆರೆದಾಗ ಆ ಜನಜಂಗುಳಿಯ ಶಾಂತಿಯನ್ನು ನಾವೆಲ್ಲ ಕಂಡಿದ್ದೇವೆ. ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ದಿಂಡಿಯಲ್ಲಿ ತಾಳ ಹಿಡಿದು ಕುಣಿಯುವವರ ಭಕ್ತಿಯನ್ನು ಇಲ್ಲಿ ಯಾರೂ ಅನುಮಾನಿಸುವುದಿಲ್ಲ. ಕೈಯಲ್ಲಿ ಗಿಟಾರ್ ಇದ್ದರೆ ಮಾತ್ರ ಅನುಮಾನ ಯಾಕೆ?

ನನ್ನ ಮನಸ್ಸಿಗೆ ತಟ್ಟುವ ಸಂಗತಿ ಬೇರೆ. ನನ್ನ ಹತ್ತಿರ ಕಲಿತ ಒಬ್ಬ ಹುಡುಗಿ ಓದಲಿಕ್ಕೆಂದು ಬಾಗಲಕೋಟೆಗೆ ಹೋದಳು. ತರಗತಿಯಲ್ಲಿ ಕಥೋಲಿಕರೆಂದರೆ ಇವಳೊಬ್ಬಳೇ. ಗೆಳತಿಯರು ಒಳ್ಳೆಯವರು, ಯಾರೂ ನೋಯಿಸಿದವರಲ್ಲ. ಆದರೂ ಈಸ್ಟರ್‌ಗೆ ಮುಂಚಿನ ಉಪವಾಸಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದರೆ ಯಾಕೆ, ಏನು ಎಂದು ದಿನವಿಡೀ ಹೇಳಬೇಕು. ಹೇಳಿ ಹೇಳಿ ದಣಿದು, ಒಂದು ವರ್ಷ ಚರ್ಚಿಗೆ ಹೋಗುವುದನ್ನೇ ಬಿಟ್ಟಳು. ಆಮೇಲೆ ರಜೆಗೆ ಬಂದಾಗ ಒತ್ತಾಯ ಮಾಡಿ ನಮ್ಮ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಕೆಳಗಿನ ಚರ್ಚುಗಳ) ಯುವಜನ ಕೂಟಕ್ಕೆ ಕರೆದುಕೊಂಡು ಹೋದೆ. ಖಾನಾಪುರದ ಕೊಂಕಣಿ ಹುಡುಗರು, ಮರಾಠಿ ಮಾತಾಡುವವರು, ಅಪ್ಪಟ ಕನ್ನಡದ ಹಳ್ಳಿ ಮಕ್ಕಳು, ಒಂದೊಂದು ಪಲ್ಲವಿಯನ್ನು ಮೂರು ಭಾಷೆಯಲ್ಲೂ ಹಾಡಿದರು. ರಾತ್ರಿ ಆರಾಧನೆಯಲ್ಲಿ ಅವಳು ಅತ್ತಳು. ಹೊರಗೆ ಬಂದು, "ಟೀಚರ್, ನಾ ಒಬ್ಬಾಕಿನ ಅಲ್ಲ" ಅಂದಳು. ಅಷ್ಟೇ ಅಂದದ್ದು.

ನಾನು ಕೊಡುವ ಉತ್ತರ ಇದೇ. ದೊಡ್ಡ ಊರಿನಲ್ಲಿ, ನೂರಾರು ಮನೆಗಳ ಧರ್ಮಕೇಂದ್ರದಲ್ಲಿ ಬೆಳೆದವರಿಗೆ ಇದರ ಬೆಲೆ ತಿಳಿಯದು. ಬೈಬಲ್ ತೆರೆದರೆ ಬೆರಗಾಗಿ ನೋಡುವವರ ನಡುವೆ ವರ್ಷವೆಲ್ಲ ಇದ್ದವರಿಗೆ ತನ್ನದೇ ವಯಸ್ಸಿನ ಸಾವಿರ ಮಂದಿ ಅದೇ ಪ್ರಾರ್ಥನೆಯನ್ನು ದನಿ ಎತ್ತಿ ಹೇಳುವುದನ್ನು ಕೇಳಿದರೆ ಎದೆ ತುಂಬುತ್ತದೆ. ತುಂಬಿದ ಎದೆ ಹಾಡುತ್ತದೆ, ಕುಣಿಯುತ್ತದೆ.

ಆರುತ್ತದೆಯೇ? ಕೆಲವರದು ಆರುತ್ತದೆ, ಕಣ್ಣಾರೆ ಕಂಡಿದ್ದೇನೆ. ಆದರೆ ಆರಿಸುವವರು ಎಷ್ಟೋ ಸಲ ನಾವೇ. ಕೂಟದಿಂದ ಬಂದ ಹುಡುಗ ಚರ್ಚಿನ ಬಲಿಪೂಜೆಯಲ್ಲಿ ಬೈಬಲ್ ವಾಚನ ಓದುತ್ತೇನೆಂದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತೇವೆ. ಹೊಸ ರಾಗ ತಂದರೆ ಹಳೆಯದೇ ಸಾಕು ಅನ್ನುತ್ತೇವೆ. ಕುರ್ಚಿ ಜೋಡಿಸಲಿಕ್ಕೆ ಮಾತ್ರ ಅವರು ನೆನಪಾಗುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ಮಾತು.

2027ರ ವಿಶ್ವ ಯುವಜನ ದಿನ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟು ದೂರದ ಖರ್ಚು ಎಟುಕದು. ಆದರೆ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಜೇವಿಯರ್ ಹಬ್ಬಕ್ಕೆ ಬೆಳಗಾವಿಯಿಂದ ಹಳೇ ಗೋವಾಕ್ಕೆ ನಡೆದು ಹೋಗುವವರಿದ್ದಾರೆ. ಆ ಹುಡುಗಿ ಈ ಸಲ ಅವರ ಜೊತೆ ಹೋಗುತ್ತೇನೆಂದು ಹೆಸರು ಕೊಟ್ಟಿದ್ದಾಳೆ. ಬಾಗಲಕೋಟೆಯ ಹಾಸ್ಟೆಲಿನಲ್ಲಿ ಈಗ ಕೇರಳದ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರನ್ನು ಹುಡುಕಿಕೊಂಡು, ರಾತ್ರಿ ಊಟವಾದ ಮೇಲೆ ಮೂವರೂ ಕೂಡಿ ಜಪಸರ, ಅಂದರೆ ಮಣಿ ಎಣಿಸುತ್ತ ಮಾಡುವ ಮಾತೆ ಮರಿಯಳ ಪ್ರಾರ್ಥನೆ, ಹೇಳುತ್ತಾರಂತೆ. ಅವರಿಗೆ ಕನ್ನಡ ಬಾರದು, ಇವಳಿಗೆ ಮಲಯಾಳಂ ಬಾರದು. ಒಬ್ಬೊಬ್ಬರು ತಮ್ಮ ತಮ್ಮ ಭಾಷೆಯಲ್ಲೇ ಹೇಳುತ್ತಾರಂತೆ.