‘ಇಷ್ಟೆಲ್ಲ ಆದ ಮೇಲೂ ದೇವರನ್ನ ತಂದೆ ಅಂತೀರಾ?’ ಹೌದು, ಅಂತೀನಿ

ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟಾಗಿನಿಂದ ಜನ ಕೇಳುವುದು ಒಂದೇ ಮಾತು. “ದೇವರು ಪ್ರೀತಿಯ ತಂದೆ ಅಂತೀರಲ್ಲ, ಇದೆಂಥ ತಂದೆ? ಇನ್ನೂ ನಂಬ್ತೀರಾ?” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಂಬುತ್ತೇನೆ.

ನನಗೆ ಸಿಟ್ಟು ಬರುವುದು ಕೇಳುವ ರೀತಿಗೆ. ಮೊನ್ನೆ ಒಂದು ಮದುವೆ ಊಟದಲ್ಲಿ ಇವರು ಸಾರು ಬೇಡ, ಮಜ್ಜಿಗೆ ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಡಯಾಲಿಸಿಸ್ ಆಗುವವರು ನೀರನ್ನೂ ಅಳೆದು ಕುಡಿಯಬೇಕು. ಸಾರು, ಮಜ್ಜಿಗೆ, ಕಾಫಿ ಎಲ್ಲ ಅದೇ ಲೆಕ್ಕಕ್ಕೆ ಬರುತ್ತದೆ. ಅದನ್ನು ನೋಡಿ ಪಕ್ಕದ ಹಿರಿಯರೊಬ್ಬರು, ಇವರಿಗೆ ಕೇಳಿಸುವ ಹಾಗೇ, “ಯಾರು ಮಾಡಿದ ಪಾಪವೋ ಏನೋ” ಅಂದರು. “ಹಾಗನ್ನಬೇಡಿ ಅಣ್ಣ, ದೇವರು ಪರೀಕ್ಷೆ ಮಾಡ್ತಿದ್ದಾನೆ ಅಷ್ಟೇ” ಅಂತ ನಮ್ಮ ಚರ್ಚಿನ ಸಭೆಯವರೇ ಒಬ್ಬರು ಸಮಾಧಾನ ಹೇಳಿದರು. ಎರಡನ್ನೂ ಕೇಳಿ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಇದೇ ಪ್ರಶ್ನೆಯನ್ನು ಯೇಸುಸ್ವಾಮಿಯ ಶಿಷ್ಯರೂ ಕೇಳಿದ್ದರು, ಒಬ್ಬ ಹುಟ್ಟುಕುರುಡನನ್ನು ತೋರಿಸಿ. ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ ಅಂತ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸುಸ್ವಾಮಿ. ಇವನಲ್ಲಿ ದೇವರ ಕೆಲಸ ಕಾಣಬೇಕು ಅಂದು, ನೆಲಕ್ಕೆ ಉಗುಳಿ ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿದರು. ಪಾಪದ ಲೆಕ್ಕ ಹಾಕುವವರು ಕೈ ಕೆಸರು ಮಾಡಿಕೊಂಡಿದ್ದನ್ನು ನಾನಂತೂ ನೋಡಿಲ್ಲ.

ಇನ್ನು, ಕೇಳಿದ್ದೆಲ್ಲ ಕೊಟ್ಟರೆ ಮಾತ್ರ ತಂದೆ ಅಂತ ಹೇಳಿಕೊಟ್ಟವರು ಯಾರು? ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ದೇವರ ಮಗ ಯೇಸುವೇ ಬೇಡಿಕೊಂಡ, ಅಪ್ಪಾ, ಈ ಸಂಕಟದ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಅಂತ. ತೆಗೆಯಲಿಲ್ಲ. ಶಿಲುಬೆಯ ಮೇಲೆ, ಯಾಕೆ ಕೈಬಿಟ್ಟೆ ಅಂತ ಕೂಗಿದ್ದೂ ಅದೇ ಬಾಯಿ, ಕೊನೆಯುಸಿರಲ್ಲಿ ತಂದೆಯೇ ಅಂತ ಕರೆದಿದ್ದೂ ಅದೇ ಬಾಯಿ. ನಾನು ಹಿಡಿದುಕೊಂಡಿರುವುದು ಅದನ್ನೇ.

“ಪ್ರಾರ್ಥನೆಯಲ್ಲಿ ಏನು ಹೇಳ್ತೀಯಮ್ಮ?” ಅಂತ ಯಾರಾದರೂ ಕೇಳಬಾರದಾ? ಹೇಳುತ್ತಿದ್ದೆ. ರಾತ್ರಿ ಇವರ ಎಡಗೈಯಲ್ಲಿ ಫಿಸ್ಟುಲಾ ಮಾಡಿರುವ, ಅಂದರೆ ಡಯಾಲಿಸಿಸ್‌ಗೆ ಅಂತ ಎರಡು ರಕ್ತನಾಳ ಜೋಡಿಸಿರುವ ಜಾಗದ ಮೇಲೆ ಬೆರಳಿಡುತ್ತೇನೆ. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಗುಂಯ್ ಅಂತ ಅದುರುತ್ತದೆ. ಅದುರದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಹಾಗೆ ಬೆರಳಿಟ್ಟುಕೊಂಡೇ ದೇವರ ಹತ್ತಿರ ಜಗಳ ತೆಗೆಯುತ್ತೇನೆ. ಇವರಿಗೇ ಯಾಕೆ? ಇನ್ನೂ ಎಷ್ಟು ದಿನ? ಅತ್ತಿದ್ದೂ ಇದೆ, ಸಿಟ್ಟು ಮಾಡಿದ್ದೂ ಇದೆ. ಬೈಬಲ್ಲಿನ 88ನೇ ಕೀರ್ತನೆ ಓದಿ ನೋಡಿ. ನನ್ನನ್ನು ರಕ್ಷಿಸುವ ದೇವರೇ ಅಂತ ಶುರುವಾಗುತ್ತದೆ, ಆಮೇಲೆ ಉದ್ದಕ್ಕೂ ಗೋಳು, ಮುಗಿಯುವುದೂ ಕತ್ತಲಲ್ಲೇ. ಅದನ್ನು ಸತ್ಯವೇದದಿಂದ ಯಾರೂ ಕಿತ್ತುಹಾಕಿಲ್ಲ. ಪ್ರೀತಿಸುವ ತಂದೆ ಅಂತ ನಂಬಿರುವುದಕ್ಕೇ ನನಗೆ ಇಷ್ಟು ಸಲಿಗೆ. ಗುರುತು ಪರಿಚಯ ಇಲ್ಲದವರ ಹತ್ತಿರ ಹೀಗೆ ಜಗಳ ಆಡೋಕಾಗುತ್ತಾ?

ವಾಸಿಯಾಗುತ್ತದೆ ಅಂತ ನನಗೆ ಯಾವ ಮಾತೂ ಸಿಕ್ಕಿಲ್ಲ. ಕೇಳುವುದನ್ನು ಬಿಟ್ಟೂ ಇಲ್ಲ. ಇನ್ನೂ ಏನಾದರೂ ಕೇಳಬೇಕು ಅನ್ನಿಸಿದರೆ ಗುರುವಾರ ಬನ್ನಿ. ಡಯಾಲಿಸಿಸ್ ಇರುತ್ತದೆ, ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೇ ಕೂತಿರುತ್ತೇನೆ.