ಬಿಪಿಇಟಿ ದಿನ ಹಗ್ಗ ಒದ್ದೆಯಾಗಿತ್ತು

ರಜೆಗೆ ಊರಿಗೆ ಹೋದಾಗ ಸೇನಾ ಭರ್ತಿಗೆ ತಯಾರಿ ಮಾಡುತ್ತಿರುವ ಹುಡುಗರು ಸುತ್ತಿಕೊಳ್ಳುತ್ತಾರೆ. ಕೇಳುವುದೆಲ್ಲ 1.6 ಕಿಲೋಮೀಟರ್ ಓಟದ ಬಗ್ಗೆಯೇ. ನಾನು ಭರ್ತಿಯಾದಾಗ ಅದನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, ಹತ್ತು ಪುಲ್ ಅಪ್‌ಗೆ 40. ಅದೊಂದು ದಾಟಿದರೆ ಆಮೇಲೆ ಓಡುವುದೇ ಇಲ್ಲ ಅಂತ ಈ ಹುಡುಗರ ಲೆಕ್ಕ. ಭರ್ತಿಯಲ್ಲಿ ಚಡ್ಡಿ ಹಾಕಿಕೊಂಡು ಓಡುತ್ತೀರಿ, ಒಳಗೆ ಬಂದ ಮೇಲೆ ಬೂಟು, ಹೆಲ್ಮೆಟ್ಟು, ಬೆನ್ನಿಗೆ ಚೀಲ, ಕೈಯಲ್ಲಿ ರೈಫಲ್ ಹಿಡಿದು 5 ಕಿಲೋಮೀಟರ್ ಓಡಬೇಕು, ಅದೂ ವರ್ಷದಲ್ಲಿ ಒಂದು ಸಲ ಅಲ್ಲ ಅಂದರೆ ನಗುತ್ತಾರೆ. ಸುಮ್ನೆ ಹೆದರಿಸ್ತೀಯಾ ಅಣ್ಣ ಅಂತಾರೆ.

ಇದಕ್ಕೆ ಬಿಪಿಇಟಿ ಅಂತ ಹೆಸರು. ಬ್ಯಾಟಲ್ ಫಿಸಿಕಲ್ ಎಫಿಶಿಯೆನ್ಸಿ ಟೆಸ್ಟ್. 5 ಕಿಲೋಮೀಟರ್ ಓಟ, 60 ಮೀಟರ್ ಸ್ಪ್ರಿಂಟ್, ನೇರ ಹಗ್ಗ ಹತ್ತುವುದು, ಅಡ್ಡ ಹಗ್ಗದಲ್ಲಿ ನೇತಾಡಿಕೊಂಡು ದಾಟುವುದು, ಕೊನೆಗೆ 9 ಅಡಿಯ ಗುಂಡಿ ಹಾರುವುದು. ನಾನು ಕ್ಲರ್ಕ್. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ರಜೆ, ಸಂಬಳ, ಬಡ್ತಿ ಕಾಗದಗಳನ್ನು ನೋಡುವವನು, ಯೂನಿಟ್ಟಿನಲ್ಲಿ ಎಲ್ಲರ ಬಾಯಲ್ಲೂ ‘ಬಾಬೂಜಿ’. ಆದರೆ ಈ ಟೆಸ್ಟಿಗೆ ಬಾಬೂಜಿ, ಅಡುಗೆಯವನು, ಡ್ರೈವರ್ ಅನ್ನುವ ಭೇದ ಇಲ್ಲ. ಮೆಡಿಕಲ್ ಕೆಟಗರಿ ಸರಿ ಇದ್ದರೆ ಓಡಲೇಬೇಕು. ವಯಸ್ಸಿಗೆ ತಕ್ಕ ಹಾಗೆ ಸಮಯ ಮಾತ್ರ ಬದಲಾಗುತ್ತದೆ. ನನಗಿನ್ನೂ ಮೂವತ್ತಾಗಿರಲಿಲ್ಲ, ಹಾಗಾಗಿ 25 ನಿಮಿಷದೊಳಗೆ ಬಂದರೆ ಎಕ್ಸಲೆಂಟ್, ಇಪ್ಪತ್ತಾರೂವರೆಗೆ ಗುಡ್, 28 ದಾಟಿದರೆ ಫೇಲ್.

ಪಂಜಾಬಿನ ಡಿಸೆಂಬರ್. ಹತ್ತು ಹೆಜ್ಜೆ ಮುಂದಿನವನು ಕಾಣದಂಥ ಮಂಜು. ಫಾಲ್ ಇನ್ ಆಗಿ ಸಾಲಿನಲ್ಲಿ ನಿಂತಾಗ ಇನ್ನೂ ಕತ್ತಲು. ಪಿಟಿ ಉಸ್ತಾದರು, ಪುಣೆಯ ಸೇನಾ ಪಿಟಿ ಸಂಸ್ಥೆಯಲ್ಲಿ ಕೋರ್ಸ್ ಮಾಡಿ ಬಂದವರು, ಒಬ್ಬೊಬ್ಬರ ಚೀಲವನ್ನೂ ಎತ್ತಿ ನೋಡುತ್ತಿದ್ದರು. ಚೀಲಕ್ಕೆ ಬರೀ ಥರ್ಮೋಕೋಲ್ ತುಂಬಿಕೊಂಡು ಬಂದಿದ್ದ ಒಬ್ಬನಿಗೆ ಅಲ್ಲೇ ಎರಡು ಇಟ್ಟಿಗೆ ಹಾಕಿಸಿದರು. ಅವನ ಮುಖ ನೋಡಬೇಕಿತ್ತು. ನಾನು ಹಿಂದಿನ ರಾತ್ರಿಯೇ ರೈಫಲ್ಲಿನ ಪಟ್ಟಿ ಬಿಗಿ ಮಾಡಿ, ಬಾಟಲಿ ಸೊಂಟಕ್ಕೆ ಬಡಿಯದ ಹಾಗೆ ಹಳೇ ಲೇಸಿನಿಂದ ಕಟ್ಟಿ, ಹೆಲ್ಮೆಟ್ಟಿನೊಳಗೆ ಒಂದು ಕರ್ಚೀಫು ಮಡಚಿ ಇಟ್ಟಿದ್ದೆ. ಇದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ. ಹೆಲ್ಮೆಟ್ಟು ಸಡಿಲ ಇದ್ದರೆ ಪ್ರತಿ ಹೆಜ್ಜೆಗೂ ಹಣೆಗೆ ಕುಟ್ಟುತ್ತದೆ, ಮೂರನೇ ಕಿಲೋಮೀಟರಿನ ಹೊತ್ತಿಗೆ ಕಾಲು ನೋವು ಮರೆತು ಹೋಗಿ ಹೆಲ್ಮೆಟ್ಟಿಗೆ ಬೈಯುತ್ತಾ ಓಡುತ್ತಿರುತ್ತೀರಿ.

ಓಟದ ಬಗ್ಗೆ ಹೇಳುವಂಥದ್ದು ಜಾಸ್ತಿ ಏನಿಲ್ಲ. ಮೊದಲ ಒಂದೂವರೆ ಕಿಲೋಮೀಟರ್ ಜೋರಾಗಿ ಓಡುವ ಹುಡುಗರನ್ನು ಬೆನ್ನಟ್ಟಲು ಹೋಗಬಾರದು, ಅಷ್ಟೇ. ಉತ್ತರ ಪ್ರದೇಶದ ಹಾಪುರದ ಕಡೆಯ ಒಬ್ಬ ಹುಡುಗ, ಹೊಸದಾಗಿ ಪೋಸ್ಟಿಂಗ್ ಬಂದವನು, ಸೀಟಿ ಊದಿದ ಕೂಡಲೇ ಮಂಜಿನೊಳಗೆ ಮಾಯವಾದ. ನಾನು ನನ್ನ ಪಾಡಿಗೆ ಉಸಿರು ಎಣಿಸಿಕೊಂಡು ಓಡಿದೆ, 26 ನಿಮಿಷ ಆಗಿ ಕೆಲವು ಸೆಕೆಂಡಿಗೆ ಗೆರೆ ಮುಟ್ಟಿದೆ. ಅವನು ಆಗಲೇ ನಿಂತು ಬೂಟಿನ ಲೇಸ್ ಸರಿ ಮಾಡಿಕೊಳ್ಳುತ್ತಿದ್ದ.

ನಿಜವಾದ ಪರೀಕ್ಷೆ ಇರುವುದು ಹಗ್ಗದ ಹತ್ತಿರ ಅಂತ ನನ್ನ ಅಭಿಪ್ರಾಯ. ಓಡಿ ಬಂದ ಕೈಗೆ ಹಿಡಿತ ಇರುವುದಿಲ್ಲ. ಮೇಲಿಂದ ಅವತ್ತು ಮಂಜು ಕುಡಿದು ಹಗ್ಗ ಒದ್ದೆಯಾಗಿ, ಹಿಡಿದರೆ ತೊಳೆದ ಕಂಬಳಿ ಹಾಗೆ ಭಾರ. ನಮ್ಮ ಲಂಗರಿನ, ಅಂದರೆ ಯೂನಿಟ್ಟಿನ ಅಡುಗೆಮನೆಯ, ಅಡುಗೆಯವರು ತೀರ್ಥಹಳ್ಳಿ ಕಡೆಯವರು, ನಾನು ಅಣ್ಣ ಅಂತಲೇ ಕರೆಯುವುದು. ಚಿಕ್ಕಂದಿನಲ್ಲಿ ಕಾಲಿಗೆ ತಳೆ, ಅಂದರೆ ಹಗ್ಗದ ಬಳೆ, ಹಾಕಿಕೊಂಡು ಅಡಿಕೆ ಮರ ಹತ್ತಿದವರು. ಹೊಟ್ಟೆ ಸ್ವಲ್ಪ ಬಂದಿದೆ, ಓಟದಲ್ಲಿ ಯಾವಾಗಲೂ ಕೊನೆಯ ಗುಂಪು. ಆದರೆ ಹಗ್ಗದ ಹತ್ತಿರ ಬಂದರೆ ಮನುಷ್ಯನೇ ಬೇರೆ.

‘ಕೈಯಲ್ಲಿ ಎಳೀಬೇಡ ಮಾರಾಯ, ಕಾಲಲ್ಲಿ ನಿಲ್ಲು,’ ಅಂದರು ನನ್ನ ಸರದಿ ಬಂದಾಗ. ಒಂದು ಪಾದದ ಮೇಲಿಂದ ಹಗ್ಗ ಹಾಯಿಸಿ ಇನ್ನೊಂದು ಬೂಟಿನಿಂದ ಅದನ್ನು ಒತ್ತಿ ಹಿಡಿದರೆ ಅಲ್ಲೊಂದು ಮೆಟ್ಟಿಲು ಸಿಗುತ್ತದೆ. ಮೊಣಕಾಲು ಎದೆ ಹತ್ತಿರ ತಂದು, ಒತ್ತಿ, ನಿಂತು, ಆಮೇಲೆ ಕೈ ಮೇಲಕ್ಕೆ. ಬೆನ್ನಿಗಿದ್ದ ರೈಫಲ್ ಜಾರಿ ಪಕ್ಕೆಗೆ ಬಂದು ಚುಚ್ಚುತ್ತಿತ್ತು. ಮೇಲಿನ ಗುರುತು ಮುಟ್ಟಿ ಇಳಿದಾಗ ಅಂಗೈ ಕೆಂಪಾಗಿತ್ತು. ಅಡ್ಡ ಹಗ್ಗದಲ್ಲಿ ಮಂಡಿಯ ಹಿಂದೆ ಪ್ಯಾಂಟಿನ ಸಮೇತ ಉಜ್ಜಿ ಹೋಯಿತು. ಅದಕ್ಕೆ ಎಣ್ಣೆ ಹಚ್ಚಿಕೊಂಡು ವಾರ ಓಡಾಡಿದ್ದೇನೆ. ಗುಂಡಿ ಹಾರಿದ್ದು ಸರಿಯಾಗಿ ನೆನಪೇ ಇಲ್ಲ.

ಹಾಪುರದ ಹುಡುಗ ಅರ್ಧ ಹಗ್ಗದಲ್ಲೇ ನಿಂತ. ಕೈಯಲ್ಲೇ ಎಳೆದುಕೊಂಡು ಹೋಗುತ್ತಿದ್ದ, ಕಾಲು ಗಾಳಿಯಲ್ಲಿ ಒದ್ದಾಡುತ್ತಿತ್ತು. ಕೆಳಗೆ ನಿಂತವರೆಲ್ಲ ‘ಶಾಬಾಶ್, ಶಾಬಾಶ್’ ಅಂತ ಕೂಗಿದರೂ ಜಾರಿ ಬಂದ. ಇನ್ನೊಂದು ಅವಕಾಶ ಕೊಟ್ಟರು, ಮತ್ತೆ ಅಲ್ಲೇ ಜಾರಿದ. ಅವತ್ತು ಎಲ್ಲರಿಗಿಂತ ಮೊದಲು ಓಡಿ ಬಂದವನು ಮರುಪರೀಕ್ಷೆ ಪಟ್ಟಿಗೆ ಸೇರಿದ.

ನಾಷ್ಟಾಕ್ಕೆ ಪೂರಿ ಇತ್ತು. ಅಣ್ಣ ಓಡಿ ಬಂದ ಬಟ್ಟೆಯಲ್ಲೇ ಬಾಣಲೆ ಮುಂದೆ ನಿಂತಿದ್ದರು. ಆ ಹುಡುಗನ ತಟ್ಟೆಗೆ ಎರಡು ಜಾಸ್ತಿ ಹಾಕಿ, ಸಂಜೆ ಹಗ್ಗದ ಹತ್ತಿರ ಬಾ ಅಂದರು, ಹಿಂದಿಯಲ್ಲಿ, ತೀರ್ಥಹಳ್ಳಿಯ ರಾಗದಲ್ಲಿ.

ಹತ್ತು ಗಂಟೆಗೆ ನಾನು ಆಫೀಸಿಗೆ ಬಂದೆ. ಬೆರಳು ಮಡಚಲು ಬರುತ್ತಿರಲಿಲ್ಲ, ಕೀಬೋರ್ಡ್ ಮೇಲೆ ಒಂದೇ ಬೆರಳಲ್ಲಿ ಕುಟ್ಟಿ ಫಲಿತಾಂಶದ ಪಟ್ಟಿ ಟೈಪ್ ಮಾಡಿದೆ. ಆ ಹುಡುಗನ ರಜೆ ಅರ್ಜಿಯೂ ನನ್ನ ಟೇಬಲ್ ಮೇಲೇ ಇತ್ತು, ಅಕ್ಕನ ಮದುವೆಗೆ ಅಂತ ಬರೆದಿದ್ದ. ಸುಬೇದಾರ್ ಸಾಹೇಬರು ಬಂದು ಅದನ್ನು ನೋಡಿ, ಟೆಸ್ಟ್ ಪಾಸಾಗುವವರೆಗೆ ಇದನ್ನು ಮೇಲೆ ಕಳಿಸಬೇಡ ಅಂದರು. ಮದುವೆಗೆ ಇನ್ನೂ ಮೂರು ವಾರ ಇದೆ ಸಾಹೇಬರೇ, ಮರುಪರೀಕ್ಷೆ ದಿನಾಂಕ ಬೇಗ ಹಾಕಿಸಿ ಅಂದೆ. ಯಾವತ್ತು ಬೇಕು ನೀನೇ ಬರೆದುಕೊಂಡು ಬಾ, ಸಹಿ ಹಾಕಿಸುತ್ತೇನೆ ಅಂದರು. ಹತ್ತು ದಿನ ಬಿಟ್ಟು ಬರುವ ಶನಿವಾರ ಅಂತ ಟೈಪ್ ಮಾಡಿದೆ.