ದನಿ ಏರಿಸದ ವಿದಾಯ

ನಿನ್ನೆ ರಾತ್ರಿ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಊರಿನ ಮನೆಯಲ್ಲಿ ಕ್ರಿಕೆಟ್ ಪಂದ್ಯ ನೋಡುತ್ತಿದ್ದಾಗ, ಪಕ್ಕದಲ್ಲಿ ಅಡಿಕೆ ಸುಲಿಯುತ್ತ ಕುಳಿತಿದ್ದ ಮಾವ ಎದ್ದುಬಂದು ಟಿ.ವಿ.ಯ ಧ್ವನಿಯನ್ನೇ ಅಡಗಿಸಿಬಿಟ್ಟರು. ಚೆಂಡು ಬೌಂಡರಿ ಗೆರೆ ದಾಟಿದ್ದು ಎಲ್ಲರಿಗೂ ಕಾಣುತ್ತಿರುವಾಗ ಅದನ್ನೇ ಕಿರುಚಿ ಹೇಳುವ ವೀಕ್ಷಕ ವಿವರಣೆ ಅವರಿಗೆ ಸಹ್ಯವಲ್ಲ; ನನಗೂ ಅಲ್ಲ.

ನನ್ನ ಮಟ್ಟಿಗೆ ವೀಕ್ಷಕ ವಿವರಣೆಗಾರರಲ್ಲಿ ಎಲ್ಲರಿಗಿಂತ ಮೇಲು ರಿಚಿ ಬೆನೋ. ಆಸ್ಟ್ರೇಲಿಯಾಕ್ಕಾಗಿ 63 ಟೆಸ್ಟ್ ಆಡಿದ್ದರೂ, ಪರದೆಯ ಮೇಲಿನ ಚಿತ್ರಕ್ಕೆ ಸೇರಿಸಲು ಏನಾದರೂ ಇದ್ದಾಗ ಮಾತ್ರ ಅವರು ಮಾತನಾಡುತ್ತಿದ್ದರು. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನಡುವಿನ 2005ರ ಆ್ಯಷಸ್ ಟೆಸ್ಟ್ ಸರಣಿಯ ಕೊನೆಯ ದಿನ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು ಇಂಗ್ಲೆಂಡಿನ ವೀಕ್ಷಕರಿಗೆ ವಿದಾಯ ಹೇಳುತ್ತಿದ್ದ ನಡುವೆಯೇ, 158 ರನ್ ಗಳಿಸಿದ್ದ ಇಂಗ್ಲೆಂಡಿನ ಪೀಟರ್ಸನ್ ಆಸ್ಟ್ರೇಲಿಯಾದ ಮೆಕ್‌ಗ್ರಾತ್ ಎಸೆತಕ್ಕೆ ಬೌಲ್ಡ್ ಆದರು. ಬೆನೋ ದನಿ ಏರಿಸದೆ, ಆ ವಿಕೆಟನ್ನೂ ಮಾತಿನೊಳಗೆ ಸೇರಿಸಿಕೊಂಡು ವಿದಾಯವನ್ನು ಪೂರ್ತಿಗೊಳಿಸಿದರು. ಆ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಏರುದನಿಯೆಲ್ಲ ಕೆಟ್ಟದ್ದೆಂದು ಹೇಳಲಾರೆ. 1998ರಲ್ಲಿ ಶಾರ್ಜಾದಲ್ಲಿ ಸಚಿನ್ ಆಡಿದ ಆಟಕ್ಕೆ ವಿವರಣೆಗಾರ ಟೋನಿ ಗ್ರೇಗ್ ಮೈಮರೆತದ್ದರಲ್ಲಿ ನಟನೆಯಿರಲಿಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ವಿಜಯ್ ಭಾರದ್ವಾಜ್ ಅವರಂಥ ಮಾಜಿ ಆಟಗಾರರು ನಮ್ಮ ಭಾಷೆಯಲ್ಲಿಯೇ ಆಟವನ್ನು ಬಿಡಿಸಿ ಹೇಳುವುದು ಸಣ್ಣ ಸಂಗತಿಯಲ್ಲ. ಕೊನೆಯ ಓವರಿಗೆ ಮಾವ ಧ್ವನಿಯನ್ನು ಮತ್ತೆ ಹಾಕಿಸಿದರು, ಕನ್ನಡ ವಾಹಿನಿಗೆ ಬದಲಾಯಿಸಿದ ಮೇಲೆ.